ಮತ ಕೇಳುವವರು ಪ್ರಶ್ನೆಗೂ ನಿಲ್ಲಲಿ

ತಾಲ್ಲೂಕು ಪಂಚಾಯಿತಿ ಸಭಾಂಗಣದ ಕೆಡಿಪಿ ಸಭೆಯನ್ನು ಟಿ.ವಿ.ಯಲ್ಲೋ ಮೊಬೈಲಿನಲ್ಲೋ ಒಮ್ಮೆಯೂ ನೋಡದವರು ನಮ್ಮಲ್ಲಿ ಕಡಿಮೆ. ಉದ್ದನೆಯ ಮೇಜಿನ ನಡುವೆ ಶಾಸಕರು ಕೂತಿರುತ್ತಾರೆ. ಎದುರಿನ ಸಾಲುಗಳಲ್ಲಿ ಇಲಾಖೆಗಳ ಅಧಿಕಾರಿಗಳು, ತೊಡೆಯ ಮೇಲೆ ಪ್ರಗತಿ ವರದಿ. ಹೆಸರು ಕರೆದ ಕೂಡಲೇ ಎದ್ದು ನಿಲ್ಲಬೇಕು. ನೀರಿನ ಪೈಪಿಗೆಂದು ಅಗೆದ ರಸ್ತೆಯನ್ನು ಮುಚ್ಚಿಸಿದ್ದೀರಾ? ಹಾಸ್ಟೆಲಿಗೆ ಬಂದ ಅಕ್ಕಿ ಎಲ್ಲಿಗೆ ಹೋಯಿತು? ವೈದ್ಯರು ಆಸ್ಪತ್ರೆಗೆ ಎಷ್ಟು ಗಂಟೆಗೆ ಬರುತ್ತಾರೆ? ಉತ್ತರ ತಡವರಿಸಿದರೆ ಎಲ್ಲರ ಎದುರೇ ತರಾಟೆ. ಮರುದಿನ ಜಿಲ್ಲಾ ಪುಟದಲ್ಲಿ ಅದೇ ತಲೆಬರಹ. ಇವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು. ಜನರ ಪರವಾಗಿ ಯಾರಾದರೂ ಕೇಳುತ್ತಿದ್ದಾರಲ್ಲ ಎಂಬುದೇ ಸಮಾಧಾನ.

ಶಾಸಕರನ್ನು ಹಾಗೆ ಹೆಸರು ಹಿಡಿದು ಕರೆದು, ಊರಿನವರ ಎದುರು ಲೆಕ್ಕ ಕೇಳುವ ಸಭೆ ಮಾತ್ರ ನಮ್ಮ ವ್ಯವಸ್ಥೆಯಲ್ಲಿ ಎಲ್ಲೂ ಇಲ್ಲ. ಶಾಸಕರಿಗೆ ವಿಧಾನಸಭೆಯಲ್ಲಿ ಪ್ರಶ್ನೋತ್ತರ ಕಲಾಪವಿದೆ. ಚುಕ್ಕೆ ಗುರುತಿನ ಪ್ರಶ್ನೆ ಹಾಕಿ ಮಂತ್ರಿಯಿಂದ ಉತ್ತರ ಪಡೆಯಬಹುದು. ಪ್ರಶ್ನೆ ಕೇಳುವ ಆ ಅಧಿಕಾರವನ್ನು ಅವರು ಪಡೆಯುವುದು ನಮ್ಮ ಮತದಿಂದ. ಅದನ್ನು ಒಪ್ಪಿಸುವ ಮೊದಲು ಒಂದು ದಿನ, ಎರಡು ಮೂರು ಗಂಟೆ, ಅವರೇ ನಮ್ಮ ಪ್ರಶ್ನೆಗೆ ನಿಲ್ಲಬೇಕು ಎನ್ನುವುದು ಅತಿಯಾಸೆಯಲ್ಲ. ವಿಧಾನಸಭೆಗಾಗಲಿ ಲೋಕಸಭೆಗಾಗಲಿ ಸ್ಪರ್ಧಿಸುವ ಪ್ರತಿ ಅಭ್ಯರ್ಥಿಯೂ ತನ್ನ ಕ್ಷೇತ್ರದಲ್ಲಿ ಚುನಾವಣಾಧಿಕಾರಿ ನಡೆಸುವ ಒಂದು ಬಹಿರಂಗ ಪ್ರಶ್ನೋತ್ತರ ಸಭೆಗೆ ಬರಬೇಕು, ಮತ್ತು ಇದು ಕಾನೂನಿನಲ್ಲೇ ಇರಬೇಕು ಎಂಬುದು ನನ್ನ ಖಚಿತ ನಿಲುವು.

ಈಗಿನ ಪ್ರಚಾರದಲ್ಲಿ ಪ್ರಶ್ನೆಗೆ ಎಲ್ಲಿ ಜಾಗವಿದೆ, ನೋಡೋಣ. 2023ರ ವಿಧಾನಸಭಾ ಚುನಾವಣೆಯಲ್ಲಿ ನಾಮಪತ್ರ ಹಿಂಪಡೆಯಲು ಏಪ್ರಿಲ್ 24 ಕೊನೆಯ ದಿನ, ಮತದಾನ ಮೇ 10ಕ್ಕೆ. ಕೊನೆಯ 48 ಗಂಟೆ ಬಹಿರಂಗ ಪ್ರಚಾರ ನಿಷಿದ್ಧ. ಅಂದರೆ ಕಣದಲ್ಲಿ ಯಾರಿದ್ದಾರೆ ಎಂಬುದು ಖಚಿತವಾದ ಮೇಲೆ ಉಳಿದದ್ದು ಎರಡು ವಾರ. ಆ ಎರಡು ವಾರವನ್ನು ರೋಡ್ ಶೋಗಳು ನುಂಗುತ್ತವೆ. ತೆರೆದ ವಾಹನದ ಮೇಲೆ ಅಭ್ಯರ್ಥಿ, ಪಕ್ಕದಲ್ಲಿ ರಾಜ್ಯ ನಾಯಕರು, ಜೆಸಿಬಿಯಿಂದ ಸುರಿಯುವ ಹೂವು, ಕ್ರೇನಿನಲ್ಲಿ ತೂಗುವ ಸೇಬಿನ ಹಾರ, ಕಿವಿ ಕಿವುಡಾಗುವ ಡಿ.ಜೆ. ಕೆಳಗೆ ನಿಂತವನು ಕೈ ಬೀಸಬಹುದು, ಜೈಕಾರ ಹಾಕಬಹುದು, ಫೋಟೊ ತೆಗೆಯಬಹುದು. ‘ನಮ್ಮೂರ ಕೆರೆ ತುಂಬಿಸುತ್ತೇವೆ ಎಂದಿದ್ದಿರಲ್ಲ’ ಎಂದು ಅಲ್ಲಿಂದ ಕೂಗಿದರೆ ಅದು ಮೇಲಿದ್ದವರ ಕಿವಿಗೆ ಬೀಳುವುದಿಲ್ಲ. ಬಿದ್ದರೂ ಪಕ್ಕದ ಕಾರ್ಯಕರ್ತರು ಅವನನ್ನು ಹಿಂದಕ್ಕೆ ಎಳೆಯುತ್ತಾರೆ.

ಮನೆ ಮನೆ ಪ್ರಚಾರದಲ್ಲಿ ಮುಖಾಮುಖಿಯೇನೋ ಆಗುತ್ತದೆ. ಆದರೆ ಅಲ್ಲಿ ನಡೆಯುವ ಮಾತಿನ ಸ್ವಭಾವವೇ ಬೇರೆ. ಹೊಸ್ತಿಲ ಬಳಿ ನಿಂತು ಅಜ್ಜಿ ಪಿಂಚಣಿ ನಿಂತಿದೆ ಎನ್ನುತ್ತಾಳೆ. ಅಭ್ಯರ್ಥಿ ಹಿಂದೆ ತಿರುಗಿ ಒಬ್ಬ ಹುಡುಗನಿಗೆ ‘ಬರ್ಕೊಳೋ’ ಎನ್ನುತ್ತಾನೆ. ಅಪ್ಪ ಮಗನ ಕೆಲಸದ ಮಾತೆತ್ತುತ್ತಾನೆ. ‘ಗೆದ್ದ ಮೇಲೆ ಬಂದು ಕಾಣಲಿ’ ಎಂಬ ಉತ್ತರ ಸಿಗುತ್ತದೆ. ಗುಟ್ಟಾಗಿ ಕೇಳಿದ ಪ್ರಶ್ನೆಗೆ ಉಪಕಾರದ ರೂಪದಲ್ಲಿ ಉತ್ತರ ಬರುತ್ತದೆ, ಮತ್ತು ಆ ಉಪಕಾರ ಆ ಮನೆಗಷ್ಟೇ. ಅದೇ ಅಜ್ಜಿ ಸಾವಿರ ಜನರ ಎದುರು ಮೈಕಿನಲ್ಲಿ ಕೇಳಿದ್ದರೆ, ತಾಲ್ಲೂಕಿನಲ್ಲಿ ಪಿಂಚಣಿ ನಿಂತವರೆಲ್ಲರ ಕಥೆ ಹೊರಬರುತ್ತಿತ್ತು. ಆಗ ‘ಬರ್ಕೊಳೋ’ ಎಂದರೆ ಸಾಲದು, ಯಾಕೆ ನಿಂತಿತು ಎಂದು ಹೇಳಬೇಕಾಗುತ್ತದೆ. ನಮ್ಮ ರಾಜಕಾರಣ ಮತದಾರರನ್ನು ಒಬ್ಬೊಬ್ಬರನ್ನಾಗಿ ಬಿಡಿಸಿ ಭೇಟಿಯಾಗುವುದನ್ನು ಚೆನ್ನಾಗಿ ಕಲಿತಿದೆ. ಬಹಿರಂಗ ಪ್ರಶ್ನೆ ಆ ಬಿಡಿಗಳನ್ನು ಮತ್ತೆ ಒಟ್ಟುಗೂಡಿಸುತ್ತದೆ. ನನ್ನ ವಾದದ ತಿರುಳು ಇದೇ.

ಕೇಳುವ ದಾರಿಯೇ ಇಲ್ಲದಾಗ ಜನ ಏನು ಮಾಡುತ್ತಾರೆ ಎಂಬುದಕ್ಕೂ ಕರ್ನಾಟಕದಲ್ಲಿ ಉತ್ತರವಿದೆ. ಪ್ರತಿ ಚುನಾವಣೆಯಲ್ಲೂ ಮಲೆನಾಡಿನ ಊರುಗಳಲ್ಲಿ, ಕಾಡಂಚಿನ ಹಾಡಿಗಳಲ್ಲಿ ‘ರಸ್ತೆ ಇಲ್ಲ, ಮತ ಇಲ್ಲ’ ಎಂಬ ಬ್ಯಾನರು ಏಳುತ್ತದೆ. ಬ್ಯಾನರಿನಲ್ಲಿರುವ ಪ್ರಶ್ನೆ ರಾಜಕಾರಣಿಗೆ. ಓಡಿ ಬರುವವರು ತಹಶೀಲ್ದಾರರು. ಮಾದರಿ ನೀತಿಸಂಹಿತೆಯ ಕಟ್ಟಿನೊಳಗೆ ಅವರು ಹೊಸ ಕಾಮಗಾರಿಯ ಭರವಸೆ ಕೊಡುವಂತಿಲ್ಲ. ‘ದಯವಿಟ್ಟು ಮತ ಹಾಕಿ’ ಎಂದು ಕೈಮುಗಿದು ಹೋಗುತ್ತಾರೆ. 2024ರ ಏಪ್ರಿಲ್ 26ರಂದು ಚಾಮರಾಜನಗರ ಲೋಕಸಭಾ ಕ್ಷೇತ್ರದಲ್ಲಿ, ಮಲೆ ಮಹದೇಶ್ವರ ಬೆಟ್ಟದ ಇಂಡಿಗನತ್ತದಲ್ಲಿ ಇದು ಕೈಮೀರಿತು. ರಸ್ತೆಯಂಥ ಮೂಲ ಸೌಕರ್ಯವೂ ಇಲ್ಲವೆಂದು ಮತದಾನ ಬಹಿಷ್ಕರಿಸಿದ್ದ ಊರಿನಲ್ಲಿ ಮನವೊಲಿಕೆ ಜಟಾಪಟಿಯಾಯಿತು, ಕಲ್ಲು ತೂರಾಟವಾಯಿತು, ಮತಗಟ್ಟೆ ಧ್ವಂಸವಾಯಿತು. ಏಪ್ರಿಲ್ 29ರಂದು ಮರುಮತದಾನ ನಡೆಸಿದರು. ಬಹುಪಾಲು ಮತದಾರರು ಅಂದೂ ಬರಲಿಲ್ಲ. ಮತಗಟ್ಟೆ ಒಡೆದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಬೆಟ್ಟದ ಜನ ತಮ್ಮ ಅಭ್ಯರ್ಥಿಗಳನ್ನೆಲ್ಲ ಒಂದೇ ಕಡೆ ನಿಲ್ಲಿಸಿ, ‘ನಮ್ಮ ದಾರಿ ಯಾಕೆ ಆಗಲಿಲ್ಲ, ಅರಣ್ಯ ಇಲಾಖೆಯ ಅಡ್ಡಿಯೋ, ನಿಮ್ಮ ಉದಾಸೀನವೋ’ ಎಂದು ಕೇಳುವ ಒಂದು ವೇದಿಕೆಯನ್ನು ಈ ಪ್ರಜಾಪ್ರಭುತ್ವ ಯಾವತ್ತೂ ಕೊಟ್ಟಿರಲಿಲ್ಲ ಎಂಬುದೂ ಅಷ್ಟೇ ನಿಜ.

ಪ್ರಮಾಣಪತ್ರ ಬಾಯಿ ಬಿಡುವುದಿಲ್ಲ

ಅಭ್ಯರ್ಥಿಯ ಬಗ್ಗೆ ತಿಳಿಯುವ ಹಕ್ಕು ಮತದಾರನಿಗಿದೆ ಎಂಬುದು ಎರಡು ದಶಕಗಳ ಹಿಂದೆಯೇ ತೀರ್ಮಾನವಾದ ವಿಷಯ. ಅಹಮದಾಬಾದಿನ ಐಐಎಂನ ಪ್ರಾಧ್ಯಾಪಕರು 1999ರಲ್ಲಿ ಪ್ರಜಾಸತ್ತಾತ್ಮಕ ಸುಧಾರಣೆಗಳ ಸಂಘಟನೆ, ಎಡಿಆರ್, ಕಟ್ಟಿ ನ್ಯಾಯಾಲಯಕ್ಕೆ ಹೋದರು. ಅವರಲ್ಲಿ ತ್ರಿಲೋಚನ ಶಾಸ್ತ್ರಿ ಮುಂದೆ ಬೆಂಗಳೂರಿನ ಐಐಎಂನಲ್ಲಿ ಪಾಠ ಮಾಡಿದವರು. 2002ರ ಮೇ 2ರಂದು ಸುಪ್ರೀಂ ಕೋರ್ಟ್, ಅಭ್ಯರ್ಥಿಯ ಅಪರಾಧ ಹಿನ್ನೆಲೆ, ಆಸ್ತಿ, ಸಾಲ, ವಿದ್ಯಾಭ್ಯಾಸ ಮತದಾರನಿಗೆ ತಿಳಿಯಲೇಬೇಕು ಎಂದಿತು. ಅದನ್ನು ತೆಳುವಾಗಿಸಲು ಸಂಸದರು ಪಕ್ಷಭೇದ ಮರೆತು ಪ್ರಜಾಪ್ರಾತಿನಿಧ್ಯ ಕಾಯ್ದೆಗೆ ತಿದ್ದುಪಡಿ ತಂದರು. 2003ರ ಮಾರ್ಚ್ 13ರಂದು ಆ ತಿದ್ದುಪಡಿಯ 33ಬಿ ಕಲಮನ್ನೂ ಕೋರ್ಟ್ ರದ್ದು ಮಾಡಿತು. ಅಂದಿನಿಂದ ನಾಮಪತ್ರದ ಜೊತೆ ನಮೂನೆ 26ರ ಪ್ರಮಾಣಪತ್ರ ಕಡ್ಡಾಯ. ಅಂಕಣಗಳನ್ನು ಖಾಲಿ ಬಿಡುವಂತಿಲ್ಲ ಎಂದು 2013ರಲ್ಲಿ, ಆದಾಯದ ಮೂಲವನ್ನೂ ಹೇಳಬೇಕು ಎಂದು 2018ರಲ್ಲಿ ಮತ್ತೆರಡು ತೀರ್ಪು ಬಂದವು.

ಇದು ದೊಡ್ಡ ಗೆಲುವೇ. ಆದರೆ ಪ್ರಮಾಣಪತ್ರ ಎಷ್ಟು ಹೇಳುತ್ತದೋ ಅಷ್ಟೇ ಹೇಳುತ್ತದೆ. ಕಳೆದ ಬಾರಿ ಇಷ್ಟಿದ್ದ ಆಸ್ತಿ ಈ ಬಾರಿ ಅಷ್ಟಾಗಿದೆ ಎಂದು ಅದರಿಂದ ಗೊತ್ತಾಗುತ್ತದೆ, ಹೇಗೆ ಆಯಿತು ಎಂದು ಅದನ್ನು ಕೇಳಲಾಗುವುದಿಲ್ಲ. ಕ್ರಿಮಿನಲ್ ಪ್ರಕರಣಗಳನ್ನು ಪತ್ರಿಕೆಗಳಲ್ಲಿ ಪ್ರಕಟಿಸಬೇಕೆಂಬ ನಿಯಮವಿದೆ. ಅದು ಒಳಪುಟದ ಮೂಲೆಯಲ್ಲಿ, ಕನ್ನಡಕ ಹಾಕಿದರೂ ಓದಲಾಗದ ಅಕ್ಷರಗಳಲ್ಲಿ ಬರುತ್ತದೆ. ಸುಳ್ಳು ಪ್ರಮಾಣಪತ್ರಕ್ಕೆ 125ಎ ಕಲಮಿನಡಿ ಆರು ತಿಂಗಳವರೆಗೆ ಜೈಲು ಎಂದಿದೆ. ಆದರೆ ಅದು ಚುನಾವಣೆಯೆಲ್ಲ ಮುಗಿದು, ದೂರು ದಾಖಲಾಗಿ, ವರ್ಷಗಳು ಸವೆದ ಮೇಲಿನ ಮಾತು.

ಪತ್ರಕರ್ತರು ಕೇಳುತ್ತಾರಲ್ಲ ಎನ್ನಬಹುದು. ಜಿಲ್ಲಾ ಪತ್ರಕರ್ತರ ಸಂಘಗಳು ಅಭ್ಯರ್ಥಿಗಳೊಂದಿಗೆ ಸಂವಾದ ಏರ್ಪಡಿಸುವುದುಂಟು, ಅದರಲ್ಲಿ ಒಳ್ಳೆಯವೂ ಇವೆ. ಆದರೆ ಬರಲೇಬೇಕೆಂಬ ಕಟ್ಟಳೆ ಇಲ್ಲದ್ದರಿಂದ ಗೆಲ್ಲುವ ಭರವಸೆ ಇದ್ದವರು ತಪ್ಪಿಸಿಕೊಳ್ಳುವುದು ಸುಲಭ. ಅಲ್ಲದೆ ‘ಕಾಸಿಗಾಗಿ ಸುದ್ದಿ’ ತಡೆಯಲು ಚುನಾವಣಾ ಆಯೋಗವೇ ಪ್ರತಿ ಜಿಲ್ಲೆಯಲ್ಲಿ ಮಾಧ್ಯಮ ಪ್ರಮಾಣೀಕರಣ ಸಮಿತಿ ಇಡಬೇಕಾದ ಕಾಲದಲ್ಲಿ, ಕೇಳುವ ಕೆಲಸವನ್ನು ಪೂರ್ತಿ ಮಾಧ್ಯಮದ ಹೆಗಲಿಗೆ ಹಾಕಿ ಕೂರಲಾಗದು.

ಕೇಳಿದವರು, ನಿಂತವರು

ನಮ್ಮ ನೆಲಕ್ಕೆ ಇದು ತೀರ ಅಪರಿಚಿತವೇನಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭಿಸಿದಾಗ ದಸರೆಯ ವೇಳೆಗೆ 144 ಮಂದಿ ರೈತರು, ವರ್ತಕರು ಸೇರಿದರು. ದಿವಾನರು ಹಿಂದಿನ ವರ್ಷದ ಆಡಳಿತದ ವರದಿ ಓದಿದರು. ಬಂದವರು ತಮ್ಮ ತಮ್ಮ ತಾಲ್ಲೂಕಿನ ಕುಂದುಕೊರತೆ ಮುಂದಿಟ್ಟರು. ಸದಸ್ಯರು ಆಗ ಚುನಾಯಿತರಲ್ಲ, ಅವರ ಕೈಯಲ್ಲಿ ಅಧಿಕಾರವೂ ಇರಲಿಲ್ಲ. ಆದರೂ ಸಂಸ್ಥಾನದ ಮುಖ್ಯ ಆಡಳಿತಗಾರ ವರ್ಷಕ್ಕೊಮ್ಮೆ ಜನರೆದುರು ನಿಲ್ಲುವ ಪದ್ಧತಿ ಅಲ್ಲಿಂದ ಬೆಳೆಯಿತು. ಮತವಿಲ್ಲದವರ ಎದುರು ದಿವಾನರು ನಿಂತರು. ಮತವಿರುವವರ ಎದುರು ಅಭ್ಯರ್ಥಿ ನಿಲ್ಲಲು ಅಡ್ಡಿಯೇನಿರಬೇಕು?

ಕಡ್ಡಾಯ ಮಾಡಿದ ದೇಶವೂ ಇದೆ. ಅರ್ಜೆಂಟೀನಾದಲ್ಲಿ 2015ರ ಅಕ್ಟೋಬರ್ 4ರಂದು, ಬ್ಯೂನಸ್ ಐರಿಸ್ ವಿಶ್ವವಿದ್ಯಾಲಯದ ಕಾನೂನು ಕಾಲೇಜಿನಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳ ಚರ್ಚೆ ಏರ್ಪಾಡಾಗಿತ್ತು. ಆರು ಮಂದಿಯಲ್ಲಿ ಐವರು ಬಂದರು. ಮುಂಚೂಣಿಯಲ್ಲಿದ್ದ ಡೇನಿಯಲ್ ಸ್ಯೋಲಿ ಬರಲಿಲ್ಲ. ಅವರ ಜಾಗವನ್ನು ಖಾಲಿ ಬಿಟ್ಟೇ ಚರ್ಚೆ ನಡೆಯಿತು, ದೇಶವೆಲ್ಲ ಆ ಖಾಲಿ ಜಾಗವನ್ನು ನೋಡಿತು. ಎರಡನೇ ಸುತ್ತಿನ ಮತದಾನಕ್ಕೆ ಮೊದಲು, ನವೆಂಬರಿನಲ್ಲಿ, ಅವರು ಚರ್ಚೆಗೆ ಬಂದರು. ಆ ಚುನಾವಣೆಯಲ್ಲಿ ಮಾರಿಸಿಯೊ ಮಕ್ರಿ ಗೆದ್ದರು. ಖಾಲಿ ಜಾಗವೇ ಫಲಿತಾಂಶ ಬರೆಯಿತು ಎಂದು ನಾನು ಹೇಳಲಾರೆ. ಆದರೆ ಮರುವರ್ಷ, 2016ರಲ್ಲಿ, ಅಲ್ಲಿನ ಸಂಸತ್ತು ಅಧ್ಯಕ್ಷೀಯ ಚರ್ಚೆಯನ್ನು ಕಡ್ಡಾಯಗೊಳಿಸುವ 27,337ನೇ ಕಾನೂನು ಮಾಡಿತು. ಬಾರದವರಿಗೆ ಜೈಲಿಲ್ಲ, ಅನರ್ಹತೆಯೂ ಇಲ್ಲ. ಸರ್ಕಾರ ಉಚಿತವಾಗಿ ಕೊಡುವ ಪ್ರಚಾರದ ಪ್ರಸಾರ ಸಮಯ ಹೋಗುತ್ತದೆ, ಅವರ ಜಾಗ ಖಾಲಿ ಇರುತ್ತದೆ. ಈ ಹದವಾದ ಶಿಕ್ಷೆ ನನಗೆ ಬಹಳ ಹಿಡಿಸಿತು.

ಸಾಮಾನ್ಯರ ಪ್ರಶ್ನೆಗೆ ಎಷ್ಟು ಬಲವಿರುತ್ತದೆ ಎಂಬುದಕ್ಕೆ ಬ್ರಿಟನ್ನಿನ ಒಂದು ಸಂಜೆಯನ್ನು ನೆನೆಯಬೇಕು. ಫಾಕ್‌ಲ್ಯಾಂಡ್ ಯುದ್ಧದಲ್ಲಿ 1982ರ ಮೇ 2ರಂದು ಬ್ರಿಟನ್ನಿನ ಜಲಾಂತರ್ಗಾಮಿಯೊಂದು ಅರ್ಜೆಂಟೀನಾದ ‘ಬೆಲ್ಗ್ರಾನೊ’ ಹಡಗನ್ನು ಮುಳುಗಿಸಿತು. 323 ಮಂದಿ ಸತ್ತರು. ಮರುವರ್ಷದ ಚುನಾವಣೆಯ ಹೊತ್ತಿಗೆ, 1983ರ ಮೇ 24ರಂದು, ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಬಿಬಿಸಿಯ ‘ನೇಷನ್‌ವೈಡ್’ ಕಾರ್ಯಕ್ರಮದಲ್ಲಿ ವೀಕ್ಷಕರ ಪ್ರಶ್ನೆಗಳಿಗೆ ಕೂತರು. ಒಬ್ಬ ಶಿಕ್ಷಕಿ, ‘ಆ ಹಡಗು ದ್ವೀಪಗಳಿಂದ ದೂರ ಸಾಗುತ್ತಿತ್ತಲ್ಲ, ಮತ್ತೆ ಯಾಕೆ ಮುಳುಗಿಸಿದಿರಿ’ ಎಂಬ ಅರ್ಥದ ಪ್ರಶ್ನೆ ಎತ್ತಿದರು. ದೂರ ಸಾಗುತ್ತಿರಲಿಲ್ಲ ಎಂದರು ಪ್ರಧಾನಿ. ಶಿಕ್ಷಕಿ ಬಿಡಲಿಲ್ಲ. ಹಡಗಿನ ದಿಕ್ಕನ್ನು ಡಿಗ್ರಿಯ ಲೆಕ್ಕದಲ್ಲಿ ಹೇಳಿ, ಅದೇ ಪ್ರಶ್ನೆಗೆ ಮತ್ತೆ ಮತ್ತೆ ಮರಳಿದರು. ನುರಿತ ಸಂದರ್ಶಕರನ್ನು ಸಲೀಸಾಗಿ ನಿಭಾಯಿಸುತ್ತಿದ್ದ ಥ್ಯಾಚರ್ ಅವತ್ತು ತಡವರಿಸಿದರು. ಜೂನ್ 9ರ ಚುನಾವಣೆಯಲ್ಲಿ ಅವರ ಪಕ್ಷ ಭಾರಿ ಬಹುಮತದಿಂದಲೇ ಗೆದ್ದಿತು. ಪ್ರಶ್ನೆ ಮಾತ್ರ ಸಾಯಲಿಲ್ಲ. ಮರುವರ್ಷ ರಕ್ಷಣಾ ಇಲಾಖೆಯ ಅಧಿಕಾರಿ ಕ್ಲೈವ್ ಪಾಂಟಿಂಗ್ ಅದೇ ಹಡಗಿನ ಕುರಿತ ದಾಖಲೆಗಳನ್ನು ಸಂಸದರೊಬ್ಬರಿಗೆ ಕಳಿಸಿ ವಿಚಾರಣೆ ಎದುರಿಸಿದರು, 1985ರಲ್ಲಿ ಖುಲಾಸೆಯಾದರು. ಬಹಿರಂಗ ಪ್ರಶ್ನೆ ಫಲಿತಾಂಶವನ್ನು ಬದಲಿಸಬೇಕೆಂದೇನಿಲ್ಲ. ಅಧಿಕಾರಸ್ಥರು ಏನು ಹೇಳಿದರು ಎಂಬುದು ಎಲ್ಲರ ಎದುರು ದಾಖಲಾದರೆ, ಮುಂದಿನ ಐದು ವರ್ಷ ಅದನ್ನು ಹಿಡಿದುಕೊಂಡು ಕೇಳಬಹುದು.

ಇನ್ನೊಂದು ಉದಾಹರಣೆ ರಾಜಸ್ಥಾನದ್ದು. 1994ರ ಡಿಸೆಂಬರ್ 2ರಂದು ಪಾಲಿ ಜಿಲ್ಲೆಯ ಕೋಟ್ ಕಿರಾನದಲ್ಲಿ ಅರುಣಾ ರಾಯ್ ಮತ್ತವರ ಸಂಗಾತಿಗಳ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಮೊದಲ ಜನ ಸುನ್ವಾಯಿ ನಡೆಸಿತು. ಕಾಮಗಾರಿಗಳ ಹಾಜರಿ ಪಟ್ಟಿಯನ್ನು ಊರಿನವರೆದುರು ಗಟ್ಟಿಯಾಗಿ ಓದಿದರು. ಕೆಲಸವನ್ನೇ ಮಾಡದವರ ಹೆಸರಿಗೆ ಕೂಲಿ ಬರೆದದ್ದು ಬಯಲಾಯಿತು. 2005ರ ಮಾಹಿತಿ ಹಕ್ಕು ಕಾಯ್ದೆಯ ಬೇರು ಅಲ್ಲಿದೆ. ಅಲ್ಲಿ ಪ್ರಶ್ನೆಗೆ ಶಕ್ತಿ ಬಂದದ್ದು ದಾಖಲೆಯಿಂದ. ಕಾಗದ ಕೈಯಲ್ಲಿಲ್ಲದೆ ಕೇಳಿದ್ದರೆ ಅದು ಬೀದಿ ಜಗಳವಾಗಿ ಮುಗಿಯುತ್ತಿತ್ತು.

ಪ್ರಧಾನಿ ಅಭ್ಯರ್ಥಿಗಳ ಮಟ್ಟದಲ್ಲೂ ಇಂಥ ಒತ್ತಾಯ ಬಂದದ್ದುಂಟು. 2024ರ ಮೇ ತಿಂಗಳಲ್ಲಿ ನಿವೃತ್ತ ನ್ಯಾಯಮೂರ್ತಿಗಳಾದ ಮದನ್ ಲೋಕೂರ್, ಎ.ಪಿ. ಶಾ ಮತ್ತು ಪತ್ರಕರ್ತ ಎನ್. ರಾಮ್ ಅವರು ನರೇಂದ್ರ ಮೋದಿ ಮತ್ತು ರಾಹುಲ್ ಗಾಂಧಿ ಇಬ್ಬರಿಗೂ ಪತ್ರ ಬರೆದು ಬಹಿರಂಗ ಚರ್ಚೆಗೆ ಆಹ್ವಾನಿಸಿದ್ದರು. ರಾಹುಲ್ ಗಾಂಧಿ ಒಪ್ಪಿದರು, ಚರ್ಚೆ ಮಾತ್ರ ನಡೆಯಲಿಲ್ಲ. ಅದು ನಡೆಯಬೇಕಿತ್ತು. ಆದರೂ ನನ್ನ ಆಸೆ ನೆಟ್ಟಿರುವುದು ವಿಧಾನಸಭಾ ಕ್ಷೇತ್ರದ ಮೇಲೆ. ಬಗರ್ ಹುಕುಂ ಅರ್ಜಿ ವಿಲೇವಾರಿ ಮಾಡುವ ಸಮಿತಿಗೆ ಅಧ್ಯಕ್ಷರು ಶಾಸಕರು. ಅರ್ಜಿ ಸಲ್ಲಿಸಿ ವರ್ಷಗಳಿಂದ ಕಾದವರಿಗೆ, ತಮ್ಮದು ಯಾಕೆ ತಿರಸ್ಕಾರವಾಯಿತು, ಪಕ್ಕದವರದು ಹೇಗೆ ಮಂಜೂರಾಯಿತು ಎಂದು ತಿಳಿಯಬೇಕಿದೆ. ಶಾಸಕರ ಪ್ರದೇಶಾಭಿವೃದ್ಧಿ ನಿಧಿಗೆ ವರ್ಷಕ್ಕೆ 2 ಕೋಟಿ ರೂಪಾಯಿ ನಿಗದಿಯಾಗಿದೆ. ಯಾವ ಸಮುದಾಯ ಭವನಕ್ಕೆ ಹೋಯಿತು, ಯಾವ ಶಾಲೆಗೆ ಹೋಗಲಿಲ್ಲ ಎಂದು ಕೇಳಬೇಕಿದೆ. ಇವು ದೆಹಲಿಯ ಸ್ಟುಡಿಯೊದಲ್ಲಿ ಹುಟ್ಟುವ ಪ್ರಶ್ನೆಗಳಲ್ಲ.

ಆಕ್ಷೇಪಗಳು ಹುಸಿಯಲ್ಲ

ಈ ಪ್ರಸ್ತಾಪಕ್ಕೆ ಬರುವ ವಿರೋಧಗಳಲ್ಲಿ ಒಂದು ನನ್ನನ್ನು ಬಹಳ ಕಾಡಿದೆ. ಪ್ರಶ್ನೆ ಕೇಳುವ ಧೈರ್ಯ ನಮ್ಮ ಊರುಗಳಲ್ಲಿ ಎಲ್ಲರಿಗೂ ಒಂದೇ ಸಮನಾಗಿ ಹಂಚಿಲ್ಲ. ಮೀಸಲು ಕ್ಷೇತ್ರದ ದಲಿತ ಅಭ್ಯರ್ಥಿಯನ್ನು, ಮೊದಲ ಬಾರಿ ಕಣಕ್ಕಿಳಿದ ಹೆಣ್ಣುಮಗಳನ್ನು, ಊರಿನ ಬಲಾಢ್ಯರು ಪ್ರಶ್ನೆಯ ಹೆಸರಿನಲ್ಲಿ ಅವಮಾನಿಸಬಹುದು. ‘ಬಜೆಟ್ ಅಂದರೇನು ಹೇಳಮ್ಮ’ ಎಂದು ಗೇಲಿ ಮಾಡಬಹುದು. ಇನ್ನೊಂದು ಕಡೆ, ಸಾಲ ಕೊಟ್ಟವನ ಪಕ್ಷದ ಅಭ್ಯರ್ಥಿಯನ್ನು ಕೂಲಿಯವಳು ಮೈಕು ಹಿಡಿದು ಕೇಳಲಾರಳು. ಇದಕ್ಕೆ ಪರಿಹಾರವಿಲ್ಲದೆ ಸಭೆ ನಡೆಸಿದರೆ ಅದು ಬಲಿಷ್ಠರ ಮತ್ತೊಂದು ವೇದಿಕೆಯಾಗುತ್ತದೆ.

ಹಾಗಾಗಿ ಪ್ರಶ್ನೆಗಳು ಚೀಟಿಯಲ್ಲಿ ಬರಲಿ. ಹೆಸರು ಬರೆಯುವುದು ಬಿಡುವುದು ಕೇಳುವವರ ಇಚ್ಛೆ. ಗ್ರಾಮ ಪಂಚಾಯಿತಿ ಕಚೇರಿಯಲ್ಲೋ ಗ್ರಂಥಾಲಯದಲ್ಲೋ ಮೂರು ದಿನ ಮೊದಲೇ ಪೆಟ್ಟಿಗೆ ಇಡಬಹುದು. ಜಾತಿ ನಿಂದನೆ, ಖಾಸಗಿ ಬದುಕಿನ ಕೆದಕಾಟ ಇರುವುದನ್ನು ಬದಿಗಿಟ್ಟು, ಉಳಿದದ್ದನ್ನು ಎಲ್ಲರ ಎದುರು ಲಾಟರಿ ಎತ್ತಲಿ. ಒಂದು ಪ್ರಶ್ನೆ ಎಲ್ಲ ಅಭ್ಯರ್ಥಿಗಳಿಗೂ ಹೋಗಲಿ, ಉತ್ತರಕ್ಕೆ ಎಲ್ಲರಿಗೂ ಒಂದೇ ಅವಧಿ ಇರಲಿ. ಕೇಳಿದವರು ಇಷ್ಟಪಟ್ಟರೆ ಎದ್ದು ನಿಂತು ಒಂದು ಮರುಪ್ರಶ್ನೆ ಕೇಳಲಿ. ಮರುಪ್ರಶ್ನೆಯನ್ನು ಬಿಟ್ಟುಕೊಡಬಾರದು. ಬ್ರಿಟನ್ನಿನ ಆ ಶಿಕ್ಷಕಿ ಮೊದಲ ಉತ್ತರಕ್ಕೇ ಕೂತುಬಿಟ್ಟಿದ್ದರೆ ಇಂದು ಅದನ್ನು ಯಾರೂ ನೆನೆಯುತ್ತಿರಲಿಲ್ಲ. ಪ್ರಮಾಣಪತ್ರದ ಮುಖ್ಯಾಂಶ, ಹಾಲಿ ಶಾಸಕರಾದರೆ ನಿಧಿ ಖರ್ಚಿನ ಪಟ್ಟಿ ಮತ್ತು ಸದನದ ಹಾಜರಾತಿ, ಒಂದು ವಾರ ಮೊದಲೇ ಪಂಚಾಯಿತಿಯ ಗೋಡೆಗೆ ಬೀಳಲಿ.

ಒಳ್ಳೆಯ ಕೆಲಸಗಾರರೆಲ್ಲ ಒಳ್ಳೆಯ ಮಾತುಗಾರರಲ್ಲ ಎಂಬ ಮಾತೂ ನಿಜ. ನಿರರ್ಗಳ ಮಾತಿನವರು ಸಭೆಯನ್ನು ಗೆದ್ದುಬಿಡಬಹುದು. ಆದರೆ ಮಾತುಗಾರರಿಗೆ ಈಗಲೂ ಯಾರೂ ಅಡ್ಡಿ ಮಾಡದ ಭಾಷಣದ ವೇದಿಕೆಗಳಿವೆ. ಊರಿನವರು ತಮಗೆ ಗೊತ್ತಿರುವ ಕೆರೆ, ಗೊತ್ತಿರುವ ಆಸ್ಪತ್ರೆಯ ಬಗ್ಗೆ ಕೇಳಿದಾಗ ಬರೀ ಮಾತು ಬೇಗ ಸಿಕ್ಕಿಬೀಳುತ್ತದೆ. ತೊದಲುತ್ತಲೇ ನಿಜ ಹೇಳುವವರನ್ನು ನಮ್ಮ ಜನ ಗುರುತಿಸಬಲ್ಲರು ಎಂಬ ನಂಬಿಕೆ ನನಗಿದೆ.

ಗದ್ದಲದ ಭಯಕ್ಕೆ ದೆಹಲಿಯ ಜೆಎನ್‌ಯು ಕಡೆ ನೋಡಬಹುದು. ಅಲ್ಲಿನ ವಿದ್ಯಾರ್ಥಿ ಸಂಘದ ಚುನಾವಣೆಗೆ ಮೊದಲು ಝೇಲಂ ಹಾಸ್ಟೆಲಿನ ಹುಲ್ಲುಹಾಸಿನಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳು ರಾತ್ರಿ ಹೊತ್ತು ಸಾವಿರಾರು ವಿದ್ಯಾರ್ಥಿಗಳ ಎದುರು ಮಾತಾಡುತ್ತಾರೆ, ಪರಸ್ಪರ ಕೇಳಿಕೊಳ್ಳುತ್ತಾರೆ, ಸಭಿಕರ ಪ್ರಶ್ನೆಗೂ ನಿಲ್ಲುತ್ತಾರೆ. ತಮಟೆ, ಘೋಷಣೆ, ಗಲಾಟೆ ಎಲ್ಲ ಇರುತ್ತದೆ. ಅದನ್ನು ನಡೆಸುವುದು ವಿದ್ಯಾರ್ಥಿಗಳೇ ಆರಿಸಿದ ಚುನಾವಣಾ ಸಮಿತಿ. ಇಪ್ಪತ್ತರ ಹರೆಯದವರು ನಿಭಾಯಿಸುವುದನ್ನು ಪೊಲೀಸ್ ಬಂದೋಬಸ್ತು, ವೀಕ್ಷಕರು, ವಿಡಿಯೊ ತಂಡ ಎಲ್ಲ ಇರುವ ಚುನಾವಣಾ ಆಯೋಗ ನಿಭಾಯಿಸಲಾರದೇ?

ಅಭ್ಯರ್ಥಿಗಳ ಸಂಖ್ಯೆಯ ಸಮಸ್ಯೆಯೂ ಇದೆ. 1996ರಲ್ಲಿ ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿ 456 ಮಂದಿ ಕಣದಲ್ಲಿದ್ದರು. ಅಷ್ಟು ಈಗ ಇರುವುದಿಲ್ಲ. ಹದಿನೈದು ಇಪ್ಪತ್ತು ಮಂದಿ ಇದ್ದರೆ ಚೀಟಿ ಎತ್ತಿ ಎರಡು ಮೂರು ತಂಡ ಮಾಡಿ ಬೇರೆ ಬೇರೆ ದಿನ ಕೂರಿಸಬಹುದು. ಪಕ್ಷೇತರರನ್ನು ಮಾತ್ರ ಹೊರಗಿಡಬಾರದು.

ಬಾರದವರಿಗೆ ಏನು ಮಾಡುವುದು? ನಾಮಪತ್ರ ರದ್ದು ಮಾಡುವುದನ್ನು ನಾನು ಒಪ್ಪುವುದಿಲ್ಲ. ಆಳುವವರ ಕೈಯಲ್ಲಿ ಅದು ಅಪಾಯದ ಅಸ್ತ್ರವಾಗುತ್ತದೆ. ಕುರ್ಚಿ ಖಾಲಿ ಇರಲಿ, ಮುಂದೆ ಹೆಸರಿನ ಫಲಕ ಇರಲಿ. ಮತಗಟ್ಟೆಯ ಹೊರಗೆ ಅಂಟಿಸುವ ಅಭ್ಯರ್ಥಿಗಳ ಪಟ್ಟಿಯಲ್ಲಿ ಹೆಸರಿನ ಪಕ್ಕ ‘ಪ್ರಶ್ನೋತ್ತರ ಸಭೆಗೆ ಹಾಜರಾಗಿಲ್ಲ’ ಎಂದು ಬರೆಯಲಿ. ಕಾಯಿಲೆ, ಸಾವುನೋವಿನ ಕಾರಣವಿದ್ದರೆ ಅದನ್ನೂ ಬರೆಯಲಿ. ಅಷ್ಟು ಸಾಕು.

ವಿಧಾನಸಭೆ, ಲೋಕಸಭೆಗಳಿಗೆ ಇದನ್ನು ತರಲು ಪ್ರಜಾಪ್ರಾತಿನಿಧ್ಯ ಕಾಯ್ದೆಗೆ ಸಂಸತ್ತಿನಲ್ಲಿ ತಿದ್ದುಪಡಿಯಾಗಬೇಕು. ಅದಕ್ಕೆ ಕಾಲ ಹಿಡಿಯುತ್ತದೆ. ಆದರೆ ಪಂಚಾಯಿತಿ ಚುನಾವಣೆಗಳು ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆಯಡಿ ಬರುತ್ತವೆ, ನಡೆಸುವುದು ರಾಜ್ಯ ಚುನಾವಣಾ ಆಯೋಗ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಂದ ಶುರುಮಾಡಲು ಬೆಂಗಳೂರಿನ ವಿಧಾನಸೌಧ ಮನಸ್ಸು ಮಾಡಿದರೆ ಸಾಕು. ಕ್ಷೇತ್ರ ಚಿಕ್ಕದು, ಅಭ್ಯರ್ಥಿಯ ಮುಖ ಪರಿಚಿತ, ಹೋಬಳಿ ಕೇಂದ್ರದ ಸರ್ಕಾರಿ ಪ್ರೌಢಶಾಲೆಯ ಮೈದಾನ ಸಾಲುತ್ತದೆ. ಅಧಿಕಾರದಲ್ಲಿ ಅರ್ಧದಷ್ಟು ಪಾಲು ಮಹಿಳೆಯರಿಗೆ ಮೀಸಲಾಗಿರುವ ಈ ಚುನಾವಣೆಗಳಲ್ಲಿ, ಗಂಡನ ಬದಲು ಅಭ್ಯರ್ಥಿಯೇ ಎದ್ದು ಉತ್ತರಿಸುವ ಅಭ್ಯಾಸವೂ ಅಲ್ಲಿಂದಲೇ ಬೆಳೆಯಲಿ. 2016ರಲ್ಲಿ ಆರಿಸಿ ಬಂದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಜನಪ್ರತಿನಿಧಿಗಳಿಲ್ಲದೆ ಆಡಳಿತಾಧಿಕಾರಿಗಳ ಕೈಯಲ್ಲಿ ಕಳೆದ ಆ ಕಾಲದ ಬಗ್ಗೆ ಯಾವ ಪಕ್ಷ ಏನು ಮಾಡಿತು, ಯಾಕೆ ಸುಮ್ಮನಿತ್ತು ಎಂದು ಪ್ರತಿ ಹೋಬಳಿಯ ಪೆಟ್ಟಿಗೆಯಲ್ಲೂ ಒಂದು ಚೀಟಿ ಖಂಡಿತ ಬೀಳುತ್ತದೆ.